ನಿಮಗಿದು ಗೊತ್ತೇ? ಖರ್ಜದ ತಂತಿಯ ತೂಕ

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಭರತ ಹುಣ್ಣಿಮೆಯ ‘ಉಧೋ ಉಧೋ’ ಕೂಗಿನ ನಡುವೆ ಕೇಳಿಬರುವ ಚೌಡಿಕೆಗೆ ಇರುವುದು ಒಂದೇ ತಂತಿ. ಪಿಯಾನೊದ ಹೊಟ್ಟೆಯೊಳಗೆ ಸುಮಾರು 220ರಿಂದ 230 ತಂತಿಗಳಿರುತ್ತವೆ. ಒಂದು ಜೋಗತಿಯ ಬಗಲಲ್ಲಿ ಕೂರುತ್ತದೆ, ಇನ್ನೊಂದನ್ನು ಸರಿಸಲು ನಾಲ್ಕಾರು ಜನರ ರಟ್ಟೆ ಬೇಕು. ಆದರೆ ತಂತಿ ಹರಿದ ದಿನ ಎರಡೂ ವಾದ್ಯದ ಮುಂದೆ ಕೂತು ಕೇಳಬೇಕಾದ್ದು ಅದೇ ಮೂರು ಮಾತು: ಎಷ್ಟು ಉದ್ದ, ಎಷ್ಟು ಬಿಗಿ, ಎಷ್ಟು ತೂಕ?

ಈ ಮೂರರ ಲೆಕ್ಕವನ್ನು ಅಚ್ಚುಕಟ್ಟಾಗಿ ಬರೆದಿಟ್ಟವನು ಫ್ರಾನ್ಸಿನ ಪಾದ್ರಿ ಮರಿನ್ ಮೆರ್ಸೆನ್. ಅವನ ಗ್ರಂಥ ಹೊರಬಂದದ್ದು 1636ರಲ್ಲಿ. ತಂತಿಯ ಉದ್ದ ಇಮ್ಮಡಿಯಾದರೆ ಸ್ವರ ಒಂದು ಸಪ್ತಕ ಕೆಳಗಿಳಿಯುತ್ತದೆ. ಉದ್ದ ಬದಲಿಸದೆ ಅಷ್ಟೇ ಇಳಿಸಬೇಕೆಂದರೆ ಬಿಗಿಯನ್ನು ಕಾಲುಭಾಗಕ್ಕೆ ತರಬೇಕು. ಉದ್ದವೂ ಬಿಗಿಯೂ ಹಾಗೆಯೇ ಇರಬೇಕೆಂದರೆ ತಂತಿಯ ತೂಕ ನಾಲ್ಕು ಪಟ್ಟಾಗಬೇಕು.

ಚೌಡಿಕೆ ನುಡಿಸುವವರು ಬಿಗಿಯ ದಾರಿ ಹಿಡಿದವರು. ಟೊಳ್ಳು ಕೊಳಗದ ಒಂದು ಬಾಯಿಗೆ ಚರ್ಮ, ಆ ಚರ್ಮದ ನಡುವಿನಿಂದ ಹೊರಟ ಒಂದು ತಂತಿ. ಹಿಂದೆ ಅದು ಕುರಿ–ಮೇಕೆಯ ಕರುಳನ್ನು ಹುರಿ ಮಾಡಿದ್ದು. ತಂತಿ ಬಿಗಿದಷ್ಟು ದನಿ ಏರುತ್ತದೆ, ಸಡಿಲಿಸಿದಷ್ಟು ಇಳಿಯುತ್ತದೆ. ತಂತಿವಾದ್ಯವೂ ಹೌದು, ಚರ್ಮವಾದ್ಯವೂ ಹೌದು ಎನ್ನುವ ಇಂಥ ವಾದ್ಯ ಜಗತ್ತಿನಲ್ಲಿ ವಿರಳ. ಪಕ್ಕದಲ್ಲಿ ಶ್ರುತಿ ಹಿಡಿಯುವವರು, ತಾಳ ಹಾಕುವವರು ಕೂಡಿದರೆ ಚೌಡಿಕೆ ಮೇಳ ಪೂರ್ತಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಚೌಡಿಕೆಯ ದನಿಯ ಜೊತೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ನೋವಿನ ಚರಿತ್ರೆಯೂ ಇದೆ. ದೇವದಾಸಿಯಾಗಿ ಅರ್ಪಿಸುವುದನ್ನು ಕರ್ನಾಟಕ 1982ರ ಕಾಯಿದೆಯಲ್ಲಿ ನಿಷೇಧಿಸಿತು, ನಿಷೇಧಿಸಲೇಬೇಕಿತ್ತು. ಆದರೆ ಆ ಪದ್ಧತಿ ಹೋಗುವಾಗ ವಾದ್ಯವೂ ಹೋಗಬೇಕಾಗಿಲ್ಲ. ಜೋಗತಿ ಕಲೆಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿಯೂ ಅವರು ಕೂತರು. ಮುತ್ತು ಕಟ್ಟಿಸಿಕೊಳ್ಳದೆ ಚೌಡಿಕೆ ಕಲಿಯುವ ಮಕ್ಕಳು ಸವದತ್ತಿ ಸೀಮೆಯಲ್ಲಿ ಹೆಚ್ಚಬೇಕು ಎಂಬುದು ನನ್ನ ಆಸೆ.

ಬೈಲಹೊಂಗಲ, ಕಿತ್ತೂರು ಕಡೆಯ ಗೀಗೀ ಮೇಳದಲ್ಲಿ ಮುಂದಿನವರ ಕೈಯಲ್ಲಿ ದಪ್ಪು, ಹಿಮ್ಮೇಳದವರ ಕೈಯಲ್ಲಿ ತುಂತುಣಿ. ಹೆಸರೇ ಅದರ ದನಿ. ಸಣ್ಣ ಕೊಳಗ, ತಳಕ್ಕೆ ಚರ್ಮ, ಪಕ್ಕಕ್ಕೆ ಬಿದಿರ ಕೋಲು, ಕೋಲಿನ ತಲೆಗೆ ಬಿರಡೆ. ಬಿರಡೆ ತಿರುವಿ ಒಮ್ಮೆ ಶ್ರುತಿ ಕೂಡಿಸಿದರೆ ರಾತ್ರಿಯಿಡೀ ಅದೇ ಒಂದು ಸ್ವರ. ಚೆನ್ನಮ್ಮನ ಲಾವಣಿ, ರಾಯಣ್ಣನ ಲಾವಣಿ ಎರಡೂ ಈ ಒಂದು ಸ್ವರದ ಮೇಲೆ ನಿಂತು ಬೆಳೆದವು.

ಕಿತ್ತೂರಿನ ಮೊದಲ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಆ ಹೊತ್ತಿಗೆ ಪಿಯಾನೊಗಳ ಬೆನ್ನೆಲುಬು ಮುಖ್ಯವಾಗಿ ಮರದ್ದು. ಮರುವರ್ಷ, 1825ರಲ್ಲಿ, ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಇಡಿಯಾಗಿ ಎರಕ ಹೊಯ್ದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿದ 1829ರ ಹೊತ್ತಿಗೆ ಆ ಕಬ್ಬಿಣ ಇನ್ನೂ ಹೊಸ ಪ್ರಯೋಗವೇ.

ಕಬ್ಬಿಣ ಏಕೆ ಬೇಕಾಯಿತು? ಇಂದಿನ ದೊಡ್ಡ ಪಿಯಾನೊದ ತಂತಿಗಳೆಲ್ಲ ಸೇರಿ ಎಳೆಯುವ ಬಲ 18ರಿಂದ 20 ಟನ್. ಕಬ್ಬು ತುಂಬಿದ ಎರಡು ಟ್ರ್ಯಾಕ್ಟರ್ ಟ್ರೇಲರುಗಳನ್ನು ಮನಸ್ಸಿಗೆ ತಂದುಕೊಳ್ಳಿ, ಹತ್ತಿರಹತ್ತಿರ ಅಷ್ಟು ಭಾರ. ಅದಕ್ಕೇ ಹಳೆಯ ಪಿಯಾನೊದ ತಂತಿಗಳನ್ನು ಒಂದು ಕಡೆಯಿಂದ ಸರಸರನೆ ಬಿಚ್ಚಬಾರದು. ಎಲ್ಲ ಕಡೆ ಸಮನಾಗಿ, ಸುತ್ತುಸುತ್ತಾಗಿ ಸಡಿಲಿಸುತ್ತ ಬರಬೇಕು.

ಪಿಯಾನೊದ ಬಲತುದಿಯ ಕೊನೆಯ ಸ್ವರ 4186 ಹರ್ಟ್ಸ್. ಅದರ ತಂತಿ ಸುಮಾರು 5 ಸೆಂ.ಮೀ., ನಿಮ್ಮ ಕಿರುಬೆರಳಿನಷ್ಟು. ಎಡತುದಿಯ ಮೊದಲ ಸ್ವರ 27.5 ಹರ್ಟ್ಸ್, ಅಂದರೆ 152 ಪಟ್ಟು ಕೆಳಗೆ. ಬರೀ ಉದ್ದದಿಂದಲೇ ಅಲ್ಲಿಗೆ ಇಳಿಯಬೇಕೆಂದರೆ ತಂತಿ ಏಳೂವರೆ ಮೀಟರ್, ಸರಿಸುಮಾರು 25 ಅಡಿ ಇರಬೇಕಾಗುತ್ತಿತ್ತು. ನಮ್ಮ ಕಡೆಯ ಪಡಸಾಲೆಗಳೂ ಅಷ್ಟು ಉದ್ದ ಇರುವುದು ಅಪರೂಪ.

ಹಾಗಾದರೆ ಬಿಗಿ ಕಡಿಮೆ ಮಾಡಿದರಾಗದೇ? ಆಗದು. ಸಡಿಲ ತಂತಿಗೆ ದನಿಯ ಕಸುವಿಲ್ಲ. ಜೋರಾಗಿ ಹೊಡೆದರೆ ಆ ಕ್ಷಣ ಬಿಗಿ ಏರಿ ಸ್ವರ ಮೇಲೆ ಹಾರುತ್ತದೆ, ಆಮೇಲೆ ಜಾರಿ ಕೆಳಗೆ ಕೂರುತ್ತದೆ. ಚೌಡಿಕೆಗೆ ಆ ಜಾರುವಿಕೆಯೇ ಸೊಗಸು. ಪಿಯಾನೊಗೆ ಅದು ರೋಗ.

ಉಳಿದದ್ದು ತೂಕ. ಸ್ವಲ್ಪ ಲೆಕ್ಕ ಮಾಡೋಣ. ಮನೆಯಲ್ಲಿಡುವ ನಿಲುವು ಪಿಯಾನೊ, ಕೆಳಗಿನ ತಂತಿಯ ಮಿಡಿಯುವ ಉದ್ದ 1.2 ಮೀಟರ್, ಬಿಗಿ 90 ಕೆ.ಜಿ. ಎಂದಿಟ್ಟುಕೊಳ್ಳಿ. 27.5 ಹರ್ಟ್ಸ್ ಬರಬೇಕಾದರೆ ಆ ತಂತಿ ಮೀಟರಿಗೆ 203 ಗ್ರಾಂ ತೂಗಬೇಕು. ಅಂದರೆ ಮಿಡಿಯುವ ಭಾಗವೊಂದೇ ಹತ್ತಿರಹತ್ತಿರ ಕಾಲು ಕೆ.ಜಿ. ಬರೀ ಉಕ್ಕಿನಲ್ಲಿ ಅಷ್ಟು ತೂಕ ತರಬೇಕೆಂದರೆ ದಪ್ಪ 5.7 ಮಿ.ಮೀ. ಆಗುತ್ತದೆ. ಮನೆ ಕಟ್ಟುವಾಗ ಕಂಬದ ರಿಂಗಿಗೆ ಬಾಗಿಸುವ 6 ಮಿ.ಮೀ. ಸರಳು ಇದೆಯಲ್ಲ, ಅದೇ ದಪ್ಪ. ಅದನ್ನು ವಾದ್ಯಕ್ಕೆ ಕಟ್ಟಿ ಹೊಡೆದರೆ ಬರುವುದು ಸರಳಿನ ಠಣಕಾರವೇ ಹೊರತು ತಂತಿಯ ನಾದವಲ್ಲ.

ಕಾರಣ, ದಪ್ಪ ಉಕ್ಕು ಬಾಗಲು ಒಪ್ಪುವುದಿಲ್ಲ. ತಂತಿ ಮಿಡಿದಾಗ ಮೂಲ ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನಗಳೂ ಏಳುತ್ತವೆ. ತಂತಿ ಬಿರುಸಾದಷ್ಟೂ ಈ ಮೇಲಿನ ಸ್ವರಗಳು ತಮ್ಮ ಜಾಗದಿಂದ ಮೇಲಕ್ಕೆ ಸರಿಯುತ್ತವೆ. ಕಿವಿಗೆ ಅದು ಬೇಸೂರು.

ಉಪಾಯ ಕಂಡದ್ದು 17ನೇ ಶತಮಾನದ ನಡುಭಾಗದಲ್ಲಿ, ಯುರೋಪಿನಲ್ಲಿ. ಕರುಳಿನ ತಂತಿಯ ಮೇಲೆ ತೆಳು ಲೋಹದ ತಂತಿ ಸುತ್ತಿದರು. ಒಳಗಿನದು ಬಿಗಿ ತಾಳುತ್ತದೆ, ಹೊರಗಿನದು ತೂಕ ಕೊಡುತ್ತದೆ, ಬಾಗುವುದಕ್ಕೆ ಅಡ್ಡಿ ಮಾಡುವುದಿಲ್ಲ. ಪಿಯಾನೊದಲ್ಲಿ ಇಂದು ಒಳಗೆ ಉಕ್ಕು, ಹೊರಗೆ ತಾಮ್ರ. ಕೆಲವು ಹಳೆಯ ಪಿಯಾನೊಗಳಲ್ಲಿ ಸುತ್ತಿದ್ದು ಕಬ್ಬಿಣದ ತಂತಿ.

ಮೇಲಿನ ಲೆಕ್ಕವನ್ನೇ ಸುತ್ತಿದ ತಂತಿಗೆ ಹಚ್ಚಿದರೆ, 1.4 ಮಿ.ಮೀ. ಉಕ್ಕಿನ ಒಳತಂತಿ, ಅದರ ಮೇಲೆ ಒಟ್ಟು ದಪ್ಪ 6 ಮಿ.ಮೀ. ಆಗುವಷ್ಟು ತಾಮ್ರ. ನೋಡಲು ಸರಳಿನಷ್ಟೇ ದಪ್ಪ, ಬಾಗುವುದು ಮಾತ್ರ ಬಳ್ಳಿಯ ಹಾಗೆ.

ತಾಮ್ರ ಉಕ್ಕಿಗಿಂತ ಭಾರ, ಒಂದು ಘನ ಸೆಂ.ಮೀ.ಗೆ ಸುಮಾರು 8.96 ಗ್ರಾಂ. ಉಕ್ಕು 7.85. ಆದರೂ ಸುತ್ತಿದ ತಾಮ್ರ ಗಟ್ಟಿ ತಾಮ್ರದಷ್ಟು ತೂಗುವುದಿಲ್ಲ, ಏಕೆಂದರೆ ದುಂಡನೆಯ ಸುರುಳಿಗಳ ಸಂದಿನಲ್ಲಿ ಗಾಳಿ ಇದೆ. ನಿಜವಾದ ತೂಕ ಗಟ್ಟಿ ಕೊಳವೆಯ ಶೇ. 78.5ರಷ್ಟು. ಲೆಕ್ಕ ಹಾಕುವಾಗ ಇದನ್ನು ಮರೆತರೆ ತಂತಿ ಹಗುರಾಗಿ ಬರುತ್ತದೆ.

ಇನ್ನು ನಮ್ಮ ತಂಬೂರಿಗೆ ಬನ್ನಿ. ಅದರ ನಾಲ್ಕು ತಂತಿಗಳಲ್ಲಿ ನಡುವಿನ ಜೋಡಿ ಉಕ್ಕಿನದು, ಕೊನೆಯ ಖರ್ಜ ಹಿತ್ತಾಳೆಯದು ಅಥವಾ ಕಂಚಿನದು. ಜೋಡಿಗಿಂತ ಖರ್ಜ ಸರಿಯಾಗಿ ಒಂದು ಸಪ್ತಕ ಕೆಳಗೆ. ಲೋಹ ಬದಲಾಗುವುದಕ್ಕೆ ಕಾರಣ ಮೆರ್ಸೆನ್ ಹೇಳಿದ ಅದೇ ತೂಕ. ‘ಖರ್ಜ’ ಎಂಬ ಮಾತೂ ಬೇರೆಯಲ್ಲ, ‘ಷಡ್ಜ’ವೇ ಉತ್ತರದವರ ಬಾಯಲ್ಲಿ ‘ಷ’ ಹೋಗಿ ‘ಖ’ ಆಗಿ ಬಂದದ್ದು.

ವೀಣೆಯಲ್ಲೂ ಅಷ್ಟೇ. ಮೇಲಿನ ಎರಡು ತಂತಿ ಉಕ್ಕು, ಮಂದ್ರ ಮತ್ತು ಅನುಮಂದ್ರಕ್ಕೆ ಹಿತ್ತಾಳೆ ಅಥವಾ ಸುತ್ತಿದ ತಂತಿ.

ಹಾರ್ಮೋನಿಯಂಗೆ ತಂತಿ ಇಲ್ಲ, ಆದರೂ ನಿಯಮ ಅದೇ. ಕೆಳಸ್ವರದ ಹಿತ್ತಾಳೆ ನಾಲಿಗೆಯ ತುದಿಗೆ ಭಾರ ಇದ್ದಷ್ಟು ದನಿ ಇಳಿಯುತ್ತದೆ, ತುದಿಯನ್ನು ಕೆರೆದರೆ ಏರುತ್ತದೆ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮಭಾವು ಬಿಜಾಪುರೆ ಆ ನಾಲಿಗೆಗಳಿಂದ ಹಾಡಿಸಿದ್ದನ್ನು ಕೇಳಿದವರು ಈ ಭಾಗದಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ.

ಖರ್ಜದ ತಂತಿಯ ವಿನ್ಯಾಸಕ್ಕೆ ನಮ್ಮ ನೆಲದ ಹೆಸರೂ ಒಂದಿದೆ. ಧಾರವಾಡದಲ್ಲಿ ನೆಲೆ ನಿಂತ ‘ಸಿತಾರ ರತ್ನ’ ರಹಿಮತ್ ಖಾನ್ ಸಿತಾರಿನ ತಂತಿಗಳ ಜೋಡಣೆಯನ್ನೇ ಹೊಸದಾಗಿ ರೂಪಿಸಿ, ಕೆಳಗಿನ ಖರ್ಜ–ಪಂಚಮದ ತಂತಿಗಳಿಗೆ ಜಾಗ ಮಾಡಿಕೊಟ್ಟವರೆಂದು ಅವರ ಪರಂಪರೆ ಗೌರವಿಸುತ್ತದೆ. ಸಿತಾರಿನಲ್ಲಿ ಮುಖ್ಯವಾಗಿ ನುಡಿಸುವ ಬಾಜ್ ತಂತಿಯ ದಪ್ಪ ಸುಮಾರು 0.3 ಮಿ.ಮೀ. ಮಾತ್ರ. ಅದರ ಪಕ್ಕದಲ್ಲೇ ದಪ್ಪ ತಂತಿಗಳನ್ನು ಕೂರಿಸಿ, ಎರಡರ ನಾದವೂ ಒಂದೇ ಬುರುಡೆಯಿಂದ ಹದವಾಗಿ ಹೊರಡುವಂತೆ ಮಾಡುವುದು ದೊಡ್ಡ ಕೆಲಸ. ಅವರ ಮೊಮ್ಮಗ ಉಸ್ತಾದ್ ಬಾಲೆ ಖಾನ್ (1942–2007) ಅದೇ ಮನೆಯ ಸಿತಾರನ್ನು ನಮ್ಮ ಕಾಲದವರೆಗೆ ತಂದರು.

ಬೈಲಹೊಂಗಲ, ರಾಮದುರ್ಗ ಸೀಮೆಯಲ್ಲಿ ತಂಬೂರಿ ಎಂದರೆ ಜನರ ಬಾಯಿಗೆ ಮೊದಲು ಬರುವ ಊರು ಮಿರಜ್. ಮಿರಜಿನ ಸಿತಾರ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬುರುಡೆ ಪಂಢರಪುರದ ಸುತ್ತಿನ ಹೊಲಗಳಿಂದ ಬರುತ್ತದೆ.

ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ನೂಲಿನ ಎಳೆಗೆ ‘ಜೀವಾ’ ಎನ್ನುತ್ತಾರೆ. ಎಳೆ ಕೂದಲೆಳೆಯಷ್ಟು ಸರಿದರೂ ಜವಾರಿ ಎಂಬ ಝೇಂಕಾರ ಮಾಯ.

ಈ ಜವಾರಿಯನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರು ಸರ್ ಸಿ.ವಿ. ರಾಮನ್. ತಂಬೂರಿ ಮತ್ತು ವೀಣೆಯ ಬಗ್ಗೆ ಅವರ ಲೇಖನ ಬಂದದ್ದು 1921ರಲ್ಲಿ. ತಂತಿಯನ್ನು ಯಾವ ಜಾಗದಲ್ಲಿ ಮೀಟಿದರೆ ಯಾವ ಮೇಲುಸ್ವರ ಕೇಳಬಾರದೋ, ತಂಬೂರಿಯಲ್ಲಿ ಅದೂ ಕೇಳುತ್ತದೆ ಎಂದು ಅವರು ತೋರಿಸಿದರು. ಚಪ್ಪಟೆಯಾದ ಕುದುರೆಯ ಬೆನ್ನೇ ಅದಕ್ಕೆ ಕಾರಣ.

ಅದಕ್ಕೂ ಮೊದಲು, 1909ರಲ್ಲಿ, ಇಪ್ಪತ್ತೊಂದರ ಹರೆಯದ ರಾಮನ್ ಬರೆದದ್ದು ಏಕತಾರಿಯ ಮೇಲೆ. ಒಂದು ತಂತಿಯ ವಾದ್ಯ! ನಮ್ಮ ತತ್ವಪದಕಾರರ ಕೈಯ ಸಂಗಾತಿ. 1920ರಲ್ಲಿ ಪಿಯಾನೊದ ಸುತ್ತಿಗೆ ತಂತಿಗೆ ಬಡಿಯುವ ಕ್ಷಣದ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಏಕತಾರಿಯೂ ಪಿಯಾನೊವೂ ಒಂದೇ ಮೇಜಿನ ಮೇಲೆ ಕೂತದ್ದು ಅವರ ಕೋಣೆಯಲ್ಲೇ. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು, ಕೊನೆಯವರೆಗೂ ಇಲ್ಲೇ ಉಳಿದರು.

ಕನ್ನಡ ನಾಡಿನ ಅತಿ ಪ್ರಸಿದ್ಧ ಪಿಯಾನೊ ವಾದಕ ಮೈಸೂರಿನ ಅರಸರೇ. ಜಯಚಾಮರಾಜೇಂದ್ರ ಒಡೆಯರು ಪಿಯಾನೊದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿ ಪಡೆದಿದ್ದರು. ವೇದಿಕೆಯ ವಾದಕರಾಗಬೇಕೆಂಬ ಹಂಬಲವಿದ್ದರೂ 1940ರಲ್ಲಿ ಪಟ್ಟ ಏರಬೇಕಾಯಿತು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮರೆಯಾಗಿ ಬದುಕುತ್ತಿದ್ದಾಗ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ಒಡೆಯರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ.

ಪಿಯಾನೊದ ಒಂದೊಂದು ಕೀಲಿಗೂ ತಂತಿಗಳ ಸಂಖ್ಯೆ ಒಂದೇ ಅಲ್ಲ. ತೀರಾ ಕೆಳಗೆ ಒಂದು, ಸ್ವಲ್ಪ ಮೇಲೆ ಎರಡೆರಡು, ಆಮೇಲೆ ಮೂರುಮೂರು. ತೆಳು ತಂತಿಯ ದನಿ ಸಣ್ಣದು, ಅದಕ್ಕೆ ಜೊತೆ ಬೇಕು.

ಕೆಳಗಿನ ತಂತಿಗಳನ್ನು ಉಳಿದವುಗಳ ಮೇಲೆ ಓರೆಯಾಗಿ ಹಾಯಿಸುವ ಪದ್ಧತಿಗೆ ಸ್ಟೈನ್‌ವೇ ದೊಡ್ಡ ಪಿಯಾನೊದಲ್ಲಿ ಪೇಟೆಂಟ್ ಪಡೆದದ್ದು 1859ರಲ್ಲಿ. ಅದೇ ಪೆಟ್ಟಿಗೆಯಲ್ಲಿ ಹೆಚ್ಚು ಉದ್ದದ ತಂತಿ ಹಿಡಿಯಿತು.

ಅದೇ 1859ರಲ್ಲಿ ಫ್ರಾನ್ಸ್ ಸರ್ಕಾರ ಶ್ರುತಿಯ ಅಳತೆಯನ್ನು 435 ಹರ್ಟ್ಸ್ ಎಂದು ಗೊತ್ತುಮಾಡಿತು. ಇಂದಿನ 440ರ ಒಪ್ಪಂದ ಆದದ್ದು 1939ರಲ್ಲಿ. ಹಾಗಾಗಿ ಹಳೆಯ ಪಿಯಾನೊಗೆ ಹೊಸ ತಂತಿ ಮಾಡಿಸುವಾಗ ಅದು ಯಾವ ಶ್ರುತಿಗೆ ಹುಟ್ಟಿದ್ದು ಎಂದು ಮೊದಲು ಕೇಳಬೇಕು. ಬಿಗಿಯನ್ನು ಸುಮ್ಮನೆ ಏರಿಸಿದರೆ ನೂರು ವರ್ಷದ ಮರ ಬಾಯಿಬಿಡುತ್ತದೆ.

ಈಗ ನಂಬರಿನ ವಿಷಯ. ಇದರಲ್ಲಿ ಎಂಥವರೂ ಮೋಸ ಹೋಗುತ್ತಾರೆ, ಅದಕ್ಕೇ ತುಸು ವಿವರವಾಗಿ ಹೇಳುತ್ತೇನೆ. ರಾಮದುರ್ಗದ ನೇಕಾರರ ಮನೆಯಲ್ಲಿ ನೂಲಿನ ಕೌಂಟ್ ಹೆಚ್ಚಿದಷ್ಟೂ ನೂಲು ತೆಳು, 80ರ ನೂಲು 40ರದಕ್ಕಿಂತ ಸಣ್ಣ. ಬೈಲಹೊಂಗಲದ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲೂ ಗೇಜಿನ ನಂಬರ್ ಏರಿದಷ್ಟೂ ತಾಮ್ರದ ತಂತಿ ತೆಳು. ತಂಬೂರಿಯ ತಂತಿಯೂ ನಮ್ಮಲ್ಲಿ ಮಾರಾಟವಾಗುವುದು ಅದೇ ಗೇಜಿನಲ್ಲಿ, 22 ನಂಬರ್ ಎಂದರೆ 0.71 ಮಿ.ಮೀ., 24 ಎಂದರೆ 0.56. ಆದರೆ ಪಿಯಾನೊ ತಂತಿಯ ನಂಬರ್ ಉಲ್ಟಾ. ಅಲ್ಲಿ 13 ನಂಬರ್ 0.775 ಮಿ.ಮೀ., ಒಂದೊಂದು ನಂಬರಿಗೆ 0.05 ಏರುತ್ತ 22 ನಂಬರ್ 1.225 ಮಿ.ಮೀ. ಆಗುತ್ತದೆ. ‘22 ನಂಬರ್ ತಂತಿ ಕಳಿಸಿ’ ಎಂದು ಬರೆದರೆ ಒಬ್ಬರು ಒಂದು ಕಳಿಸುತ್ತಾರೆ, ಇನ್ನೊಬ್ಬರು ಅದರ ಒಂದೂಮುಕ್ಕಾಲು ಪಟ್ಟು ದಪ್ಪದ್ದು ಕಳಿಸುತ್ತಾರೆ. ಆದ್ದರಿಂದ ನಂಬರ್ ಬಿಡಿ, ಮಿ.ಮೀ.ನಲ್ಲಿ ಬರೆಯಿರಿ.

ದಪ್ಪ ಅಳೆಯಲು ಹೈಸ್ಕೂಲಿನ ಪಟ್ಟಿ ಸಾಲದು. ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಸಿಗುವ ಸ್ಕ್ರೂಗೇಜ್ ಬೇಕು, ಅದು 0.01 ಮಿ.ಮೀ.ವರೆಗೆ ತೋರಿಸುತ್ತದೆ. 6 ಮಿ.ಮೀ. ತಂತಿಯಲ್ಲಿ 0.1 ಮಿ.ಮೀ. ತಪ್ಪಿದರೆ ತೂಕ ಶೇ. 3ಕ್ಕೂ ಹೆಚ್ಚು ಬದಲಾಗುತ್ತದೆ. ಅದೇ ಸ್ವರಕ್ಕೆ ತರಲು ಬಿಗಿಯನ್ನೂ 3 ಕೆ.ಜಿ.ಯಷ್ಟು ಬದಲಿಸಬೇಕಾಗುತ್ತದೆ.

ಮಲಪ್ರಭೆಯ ದಂಡೆಯಲ್ಲಿ ಪಂಪ್‌ಸೆಟ್ ಸುಟ್ಟ ರೈತರಿಗೆ ಹಳೆಯ ತಂತಿ ಅಳೆದು ಹೊಸದು ಮಾಡಿಸುವ ಈ ಕೆಲಸದ ಗುಟ್ಟು ಬೇಗ ಅರ್ಥವಾದೀತು. ರಿವೈಂಡಿಂಗ್ ಮಾಡುವ ಮೇಸ್ತ್ರಿ ಸುಟ್ಟ ಕಾಯಿಲನ್ನು ಕತ್ತರಿಸಿ ಬಿಸಾಡುವ ಮುಂಚೆ ಎಷ್ಟು ಸುತ್ತು, ಯಾವ ಗೇಜು, ಯಾವ ಸಂದಿನಿಂದ ಯಾವ ಸಂದಿಗೆ ಎಂದು ಎಣಿಸಿ ಬರೆದುಕೊಳ್ಳುತ್ತಾನೆ. ಹಳೆಯದೇ ಹೊಸದರ ನಕ್ಷೆ. ಪಿಯಾನೊ ತಂತಿಯಲ್ಲೂ ಥೇಟ್ ಹಾಗೆಯೇ.

ಬರೆದುಕೊಳ್ಳಬೇಕಾದ್ದು ಇಷ್ಟು: ಒಳತಂತಿಯ ದಪ್ಪ, ತಾಮ್ರ ಸೇರಿ ಒಟ್ಟು ದಪ್ಪ, ಕೊಕ್ಕೆಯ ಕುಣಿಕೆಯಿಂದ ತಾಮ್ರ ಶುರುವಾಗುವವರೆಗಿನ ಬರಿಮೈ, ತಾಮ್ರದ ಉದ್ದ, ಎರಡು ಕುದುರೆಗಳ ನಡುವೆ ಮಿಡಿಯುವ ಉದ್ದ. ಜೋಡಿ ತಂತಿಗಳಲ್ಲಿ ಎಡ ಬಲ ಎರಡನ್ನೂ ಬೇರೆಬೇರೆ ಅಳೆಯಬೇಕು, ಅವು ಸಮ ಇರುವುದಿಲ್ಲ.

ಅಳತೆಗೆ ಇನ್ನೊಂದು ಹಳೆಯ ಜಾಣತನವಿದೆ. ತಂತಿ ತೆಗೆದ ಮೇಲೆ ಚೌಕಟ್ಟಿನ ಮೇಲೆ ದೊಡ್ಡ ಕಾಗದ ಹಾಸಿ ಪೆನ್ಸಿಲನ್ನು ಓರೆಯಾಗಿ ಉಜ್ಜುತ್ತಾರೆ. ಪಿನ್ನುಗಳೆಲ್ಲ ಕಾಗದದ ಮೇಲೆ ಚುಕ್ಕೆಚುಕ್ಕೆಯಾಗಿ ಮೂಡುತ್ತವೆ. ನಾಣ್ಯದ ಮೇಲೆ ಹಾಳೆಯಿಟ್ಟು ಮಕ್ಕಳು ಉಜ್ಜುವ ಆಟವೇ ಇದು. ಆ ಕಾಗದವನ್ನು ಮಡಚಿ ಹಳೆಯ ತಂತಿಗಳ ಜೊತೆ ಕಳಿಸಿದರೆ ತಯಾರಕರಿಗೆ ವಾದ್ಯವನ್ನೇ ಕಂಡಂತೆ.

ಮೋಟಾರಿನ ತಾಮ್ರವನ್ನೇ ಇದಕ್ಕೆ ಸುತ್ತಬಹುದೇ? ಬೇಡ. ಅದರ ಮೇಲೆ ವಿದ್ಯುತ್ ತಡೆಯುವ ಲೇಪವಿದೆ. ವಾದ್ಯದ ತಂತಿಗೆ ಬರಿಯ ತಾಮ್ರವೇ ಬೇಕು, ಅದು ಉಕ್ಕನ್ನು ಕಚ್ಚಿ ಹಿಡಿಯಬೇಕು.

ಸುತ್ತುವುದು ಲೇತ್ ಯಂತ್ರದಂಥ ಸಾಧನದ ಮೇಲೆ. ಉಕ್ಕಿನ ತಂತಿ ಎರಡು ಕೊಕ್ಕೆಗಳ ನಡುವೆ ಗಿರಗಿರ ತಿರುಗುತ್ತದೆ, ಕುಶಲಕರ್ಮಿ ತನ್ನ ಕೈಯಿಂದ ತಾಮ್ರ ಉಣಿಸುತ್ತ ಹೋಗುತ್ತಾನೆ. ಸುರುಳಿ ಎಷ್ಟು ಬಿಗಿಯಾಗಿ ಕೂರಬೇಕೆಂಬುದು ಅವನ ಬೆರಳಿಗಷ್ಟೇ ಗೊತ್ತು. ಒಳತಂತಿ ದುಂಡಾಗಿದ್ದರೆ ತಾಮ್ರ ಜಾರದಂತೆ ಎರಡು ತುದಿಯನ್ನು ಚಪ್ಪಟೆ ಬಡಿಯುತ್ತಾರೆ. ಆರು ಮೂಲೆಯ ಒಳತಂತಿಯಾದರೆ ಮೂಲೆಗಳೇ ಹಿಡಿದುಕೊಳ್ಳುತ್ತವೆ. ಹಳೆಯ ಪಿಯಾನೊಗೆ ಹಳೆಯ ಕ್ರಮದ ದುಂಡು ತಂತಿಯೇ ಒಪ್ಪುತ್ತದೆ ಎನ್ನುವ ಕಸುಬುದಾರರು ಇಂದಿಗೂ ಇದ್ದಾರೆ.

ಹೊಸ ತಂತಿ ಕಟ್ಟುವಾಗ ಕೊಕ್ಕೆಗೆ ಸಿಕ್ಕಿಸುವ ಮುನ್ನ ಅದನ್ನು ಸುರುಳಿ ಬಿಗಿಯುವ ದಿಕ್ಕಿಗೆ ಒಂದು ಸುತ್ತು ತಿರುವುತ್ತಾರೆ. ದಿಕ್ಕು ತಪ್ಪಿ ತಿರುವಿದರೆ ತಾಮ್ರ ಸಡಿಲಾಗಿ ಗಿರ್ ಎನ್ನತೊಡಗುತ್ತದೆ.

ಹಳೆಯ ಖರ್ಜ ಮಂಕಾಗಿದೆ ಎಂದ ಮಾತ್ರಕ್ಕೆ ಸತ್ತಿದೆ ಎಂದಲ್ಲ. ಸುರುಳಿಯ ಸಂದಿನಲ್ಲಿ ವರ್ಷಗಟ್ಟಲೆ ಕೂತ ಧೂಳು, ಕಿಲುಬು ತಂತಿಯನ್ನು ಬಿರುಸು ಮಾಡಿರುತ್ತದೆ. ತಂತಿಯನ್ನು ಬಿಚ್ಚಿ ದೊಡ್ಡ ಕುಣಿಕೆ ಮಾಡಿ, ಆ ಬಾಗನ್ನು ಉದ್ದಕ್ಕೂ ಓಡಿಸಿದರೆ ಕೊಳೆ ಉದುರುತ್ತದೆ. ಎಷ್ಟೋ ಸಲ ನಾದ ಮರಳಿ ಬರುತ್ತದೆ. ಇದನ್ನು ಮಾಡಿ ನೋಡದೆ ಹೊಸದಕ್ಕೆ ಆರ್ಡರ್ ಕೊಡುವುದು ದುಡುಕು.

ಹಾಗೆಂದು ಹಳೆಯದೆಲ್ಲ ಸರಿ ಎಂದೂ ಅಲ್ಲ. ಮೊದಲೊಮ್ಮೆ ಯಾರೋ ಕೈಗೆ ಸಿಕ್ಕ ತಂತಿ ಕಟ್ಟಿ ಹೋಗಿರಬಹುದು. ಕೆಲವು ಪಿಯಾನೊಗಳಲ್ಲಿ ಸುತ್ತಿದ ತಂತಿ ಮುಗಿದು ಬರಿ ತಂತಿ ಶುರುವಾಗುವ ಕಡೆ ಬಿಗಿ ಥಟ್ಟನೆ ಕುಸಿದಿರುತ್ತದೆ, ಕಿವಿಗೆ ಅಲ್ಲೊಂದು ಹಳ್ಳ ಬಿದ್ದಂತೆ. ಎಲ್ಲ ತಂತಿಗಳ ಬಿಗಿಯನ್ನು ಸಾಲಾಗಿ ಲೆಕ್ಕ ಹಾಕಿ ನೋಡಿದರೆ ಆ ಹಳ್ಳ ಕಾಣುತ್ತದೆ. ಅಲ್ಲಿಯ ಬರಿ ತಂತಿಗೆ ಬದಲು ತೆಳುವಾಗಿ ಸುತ್ತಿದ ತಂತಿ ಹಾಕಿ ಸರಿಪಡಿಸುವುದೇ ವಿನ್ಯಾಸ. ಬರೀ ನಕಲು ಮಾಡುವವನಿಗೂ ಲೆಕ್ಕ ಬಲ್ಲವನಿಗೂ ಇರುವ ಅಂತರ ಇಲ್ಲಿ ಗೊತ್ತಾಗುತ್ತದೆ.

ಸಣ್ಣ ಪಿಯಾನೊದ ಅತಿ ಕೆಳಗಿನ ಸ್ವರ ನುಡಿಸಿದಾಗ 27.5 ಹರ್ಟ್ಸಿನ ಮೂಲ ಕಂಪನ ಗಾಳಿಯಲ್ಲಿ ಬಹಳ ಕ್ಷೀಣ. ಮೇಲಿನ ಸ್ವರಗಳನ್ನು ಕೂಡಿಸಿಕೊಂಡು ಆ ಖರ್ಜವನ್ನು ಕಟ್ಟುವುದು ನಮ್ಮ ಕಿವಿ. ಬೆಳಗಾವಿ ತಾಲೂಕಿನ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ತಂಬೂರಿ ಶ್ರುತಿ ಮಾಡಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದುದು ಆ ಕಾಣದ ಸ್ವರಗಳಿಗಾಗಿಯೇ ಇರಬೇಕೆಂದು ನನಗೆ ಅನ್ನಿಸುತ್ತದೆ.

ಹೊಸ ತಂತಿ ಕಟ್ಟಿದ ದಿನವೇ ಶ್ರುತಿ ನಿಲ್ಲುವುದಿಲ್ಲ. ವಾರಗಟ್ಟಲೆ ಹಿಗ್ಗುತ್ತಲೇ ಇರುತ್ತದೆ, ಮತ್ತೆ ಮತ್ತೆ ಏರಿಸಬೇಕು.

ನಿಮ್ಮ ಮನೆಯ ಅಟ್ಟದಲ್ಲೋ, ಭಜನೆಯ ಮಠದಲ್ಲೋ, ಶಾಲೆಯ ಮೂಲೆಯಲ್ಲೋ ಹಳೆಯ ತಂಬೂರಿ, ಸಿತಾರ, ಪಿಯಾನೊ ಇದ್ದರೆ ಈ ವಾರವೇ ಧೂಳು ಒರೆಸಿ ನೋಡಿ. ತಂತಿ ಬಿಚ್ಚುವ ಮುನ್ನ ಒಂದೊಂದರ ದಪ್ಪ, ಉದ್ದ, ಲೋಹ ಮತ್ತು ಸ್ವರವನ್ನು ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ವಾದ್ಯದ ಗವಸಿನೊಳಗೇ ಇಡಿ. ಹರಿದ ತಂತಿಯನ್ನೂ ಸುರುಳಿ ಸುತ್ತಿ ಅದರ ಜೊತೆಗೇ ಇಡಿ.